ಲಾಂಚ್ ತಪ್ಪಿದವರ ಮನೆ

ಚಪ್ಪಲಿ ಇಲ್ಲೇ ಬಿಡಿ, ಚಪ್ಪರದ ಕಂಬದ ಬುಡದಲ್ಲಿ. ಮುಂದೆ ನೋಡಿಕೊಂಡು ಕಾಲಿಡಿ. ಹಂಡೆ, ಕೊಳಗ, ಬಾಳೆಎಲೆಯ ಕಟ್ಟು, ಸುಲಿದ ತೆಂಗಿನಕಾಯಿ ಎಲ್ಲ ಕತ್ತಲಲ್ಲಿ ಅಡ್ಡಾದಿಡ್ಡಿ ಬಿದ್ದಿವೆ. ಬೆಳಗಿನ ಜಾವ ನಾಲ್ಕೂವರೆ. ಮಾರ್ಗಶಿರದ ಇಬ್ಬನಿ ಸೋಗೆಯಿಂದ ಟಪ್ಪೆಂದು ಕುತ್ತಿಗೆಗೇ ಬೀಳುತ್ತದೆ. ಹಿತ್ತಿಲ ಕಡೆ ಬೆಂಕಿ ಕಾಣುತ್ತಿದೆಯಲ್ಲ, ಅಲ್ಲಿಗೆ ಹೋಗೋಣ. ಅಡಿಗೆಯವರು ಕಾಫಿಗೆ ಇಟ್ಟಿದ್ದಾರೆ.

ಇವತ್ತು ನಮ್ಮ ಅಮ್ಮಮ್ಮನ ವೈಕುಂಠ ಸಮಾರಾಧನೆ. ಅಮ್ಮಮ್ಮ ಅಂದರೆ ನನ್ನ ಅಮ್ಮನ ಅಮ್ಮ. ಊರು ಸಾಗರ ತಾಲ್ಲೂಕಿನ ತುಮರಿಯ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಅಡಿಗೆ ಭಟ್ಟರ ತಂಡ ಸಾಗರದ ಕಡೆಯಿಂದ ವ್ಯಾನಿನಲ್ಲಿ ಈಗಷ್ಟೇ ಬಂದಿಳಿದಿದೆ. ಈ ಹೊತ್ತಿನಲ್ಲಿ ಹೊಳೆ ದಾಟಿ ಬರುವುದು ನಮ್ಮ ಕಡೆ ಹೊಸ ಸಂಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಎಲ್ಲದಕ್ಕೂ ಲಾಂಚೇ ಗತಿ. ಬೆಳಗಿನ ಮೊದಲ ಲಾಂಚಿಗೆ ಮುಂಚೆ, ಸಂಜೆಯ ಕೊನೆಯ ಲಾಂಚಿನ ನಂತರ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಬಳಸು ದಾರಿ ಇತ್ತು, ಗಾಡಿ ಇದ್ದವರಿಗೆ, ಅದೂ ಕಾಡಿನ ನಡುವೆ ಗಂಟೆಗಟ್ಟಲೆ. ಅಜ್ಜನಿಗೆ ಎದೆನೋವು ಬಂದಿದ್ದು ರಾತ್ರಿ ಹನ್ನೊಂದಕ್ಕೆ. ಬೆಳಗಿನ ಲಾಂಚ್ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

ಎರಡೂವರೆ ಕಿಲೋಮೀಟರಿಗೆ ಚೂರು ಕಡಿಮೆ ಇರುವ ಆ ಸೇತುವೆಯನ್ನು ಅಮ್ಮಮ್ಮ ದಾಟಿದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ. ಕಾರಿನಲ್ಲಿ ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ಏನಾದರೂ ದೊಡ್ಡ ಮಾತು ಹೇಳಿಯಾಳು, ಹಿಡಿದಿಟ್ಟುಕೊಳ್ಳೋಣ ಅಂತ ಮಾವನ ಮಗ ಮೊಬೈಲು ಎತ್ತಿಕೊಂಡೇ ಕೂತಿದ್ದ. ಆಚೆ ದಡ ಮುಟ್ಟಿದ ಮೇಲೆ ಅವಳು, “ಆತಾ? ಇಷ್ಟೇಯಾ?” ಅಂದಳು. ಆಮೇಲೆ, ಲಾಂಚಿನಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗನಿಗೆ ಬೇರೆ ಕಡೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸಿದಳು. ಸಾಗರ ಪೇಟೆ ಬರುವವರೆಗೂ ಅದೇ ಚಿಂತೆ.

ಕಾಫಿ ಲೋಟ ಕೈಯಲ್ಲೇ ಇರಲಿ, ಜಗುಲಿಗೆ ಬನ್ನಿ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ.

ಗೋಡೆಯ ಉದ್ದಕ್ಕೂ ಮೆಟ್ಟುಗತ್ತಿಗಳನ್ನು ಸರಿಸಿಟ್ಟಿದ್ದಾರೆ. ಕೂರಲು ಮರದ ಮಣೆ, ಅದರ ಮುಂದೆ ನೆಟ್ಟಗೆ ನಿಂತ ಅಲಗು. ಅಡಿಕೆ ಸುಲಿಯುವುದು ಇದರ ಮೇಲೆ ಕೂತು. ಇದು ಕೊನೆ ಕೊಯ್ಲಿನ ಕಾಲ. ಸಾವು ಬಂತೆಂದು ಅಡಿಕೆ ಕಾಯುವುದಿಲ್ಲ. ಕೊಯ್ದದ್ದನ್ನು ಸುಲಿಯಬೇಕು, ಸುಲಿದದ್ದನ್ನು ಚೊಗರು ಹಾಕಿ ಬೇಯಿಸಬೇಕು, ಬೇಯಿಸಿದ್ದನ್ನು ಅಟ್ಟದ ಮೇಲೆ ಹರವಬೇಕು. ಸೂತಕದ ದಿನಗಳಲ್ಲೂ ಆಳುಗಳು ಬಂದು ಸುಲಿದರು. ಆ ಮೂಲೆಯ ಮಣೆ ಮಾತ್ರ ಖಾಲಿ ಇತ್ತು. ಅದು ಅವಳದ್ದು. ನಡುವೆ ಸವೆದು ತಗ್ಗಾಗಿದೆ, ಮೇಲೆ ಹಳೇ ಸೀರೆಯ ತುಂಡು ಸುತ್ತಿದೆ, ನೋಡಿ.

ಅವಳು ಸುಲಿಯುವುದನ್ನು ನೀವು ನೋಡಬೇಕಿತ್ತು. ಕಾಯಿಯನ್ನು ಅಲಗಿಗೆ ಒತ್ತಿ ಒಂದು ತಿರುವು, ಅರ್ಧ ಸಿಪ್ಪೆ ಆಚೆ; ಇನ್ನೊಂದು ತಿರುವು, ಅಡಿಕೆ ಬುಟ್ಟಿಗೆ. ಕಣ್ಣು ಬೇರೆಲ್ಲೋ, ಬಾಯಿ ಬೇರೆ ಯಾವುದೋ ಕತೆಯಲ್ಲಿ. ಬಲಗೈ ಹೆಬ್ಬೆರಳಿನ ಬದಿಯಲ್ಲಿ ಉದ್ದಕ್ಕೊಂದು ಕಪ್ಪು ಗೀರಿತ್ತು. ಹಸಿ ಅಡಿಕೆಯ ಕರೆ ವರ್ಷಗಟ್ಟಲೆ ಇಳಿದು ಇಳಿದು ಚರ್ಮದೊಳಗೇ ಕೂತಿದ್ದು. ಹುಣಸೆಹಣ್ಣು ಹಾಕಿ ತಿಕ್ಕಿದರೂ, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಇಟ್ಟುಕೊಳ್ಳುತ್ತಿದ್ದಳಂತೆ, ಹರೆಯದಲ್ಲಿ. ನಾನು ಕಂಡ ಅಮ್ಮಮ್ಮ ಅಷ್ಟೆಲ್ಲ ಮುಚ್ಚಿಡುವವಳಾಗಿರಲಿಲ್ಲ. ಕೊನೆಯ ದಿನ ಮೀಯಿಸಿ ಮಲಗಿಸಿದಾಗಲೂ ಆ ಗೀರು ಹಾಗೇ ಇತ್ತು.

ಬೆಳಕಾಯಿತು. ನೆಂಟರು ಬರುತ್ತಿದ್ದಾರೆ. ಫೋಟೋದ ಮುಂದೆ ಕೈ ಮುಗಿಯುತ್ತಾರೆ, ಮಾವನ ಭುಜ ಮುಟ್ಟುತ್ತಾರೆ, ಬೆಂಚಿನ ಮೇಲೆ ಕೂರುತ್ತಾರೆ. ಇನ್ನೇನು ಆ ಮಾತು ಬರುತ್ತದೆ, ಕಿವಿಗೊಡಿ. ಹಾಂ, ಬಂತು. “ಎಷ್ಟಾದರೂ ಮುಳುಗಡೆ ಕಂಡ ಜೀವ.”

ಮುಳುಗಡೆ ಕಂಡಿದ್ದು ನಿಜ. ಒಂದಲ್ಲ, ಎರಡು. ಜೋಗದ ವಿದ್ಯುತ್ತಿಗೆಂದು ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ವಿದ್ಯುತ್ ಶುರುವಾಗುವ ಹೊತ್ತಿಗೆ ಅವಳ ತವರಿನ ಗದ್ದೆ ನೀರಿನಡಿ ಹೋಗಿತ್ತು. ಅವಳಿನ್ನೂ ಅಂಬೆಗಾಲಿನ ಕೂಸು. ಮದುವೆಯಾಗಿ ಬಂದ ಮನೆ ಹೊಳೆಯ ಇನ್ನೊಂದು ಬದಿಯಲ್ಲಿ. ಮಡಿಲಕ್ಕಿ ತುಂಬಿಕೊಂಡು ಬಂದು ಎರಡು ಕೊಯ್ಲು ಮುಗಿದಿತ್ತೋ ಇಲ್ಲವೋ, ಲಿಂಗನಮಕ್ಕಿಯ ನೀರು ಬಂತು, 1964ರಲ್ಲಿ. ಹೊಸ ಜಲಾಶಯ ಹಳೆಯ ಅಣೆಕಟ್ಟನ್ನೇ ನುಂಗಿತು ಅಂದಮೇಲೆ ಮನೆ, ತೋಟ, ದೇವಸ್ಥಾನಗಳ ಲೆಕ್ಕ ಯಾರು ಇಡುತ್ತಾರೆ? ಹಲವರು ಲಾರಿ ಹತ್ತಿ ಶಿವಮೊಗ್ಗದ ಕಡೆ ಹೋದರು. ಅಜ್ಜನ ಮನೆಯವರು ಹೋಗಲಿಲ್ಲ. ಗುಡ್ಡ ಹತ್ತಿ, ನೀರು ಬಾರದ ಎತ್ತರದಲ್ಲಿ ಜೋಪಡಿ ಹಾಕಿದರು. ಈಗ ನೀವು ನಿಂತಿದ್ದೀರಲ್ಲ, ಇದೇ ಜಾಗ. ಈ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿನ ಬೀದಿಯಲ್ಲಿ ಉರಿಯುತ್ತಿದ್ದ ಎಷ್ಟೋ ವರ್ಷ ಇಲ್ಲಿ ಚಿಮಣಿ ಬುಡ್ಡಿಯೇ ದೀಪ.

ಇಷ್ಟನ್ನು ಕೇಳಿಕೊಂಡು ಹೋಗಲು ಈ ಜಗುಲಿಗೆ ಎಷ್ಟು ಜನ ಬಂದರೋ. ಪತ್ರಿಕೆಯವರು, ಕಾಲೇಜಿನ ಹುಡುಗರು, ಕ್ಯಾಮೆರಾದವರು. ಎಲ್ಲರಿಗೂ ಒಂದೇ ಬೇಕು: ಅಜ್ಜಿ ನೀರು ನೋಡಿ ಕಣ್ಣೊರೆಸಿಕೊಳ್ಳಬೇಕು. ಅವಳು ಅವರಿಗೆ ಮಜ್ಜಿಗೆ ಕೊಟ್ಟು, “ಮುಳುಗಿದ್ದು ಮುಳುಗ್ತು. ತೋಟ ನೋಡ್ಕಂಡು ಹೋಗಿ,” ಅನ್ನುತ್ತಿದ್ದಳು. ತೋಟಕ್ಕೆ ಹೋದವರು ಕಡಿಮೆ. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಟೀವಿಯಲ್ಲಿ ಬಂದ ದಿನ ನಾವೆಲ್ಲ ಅವಳನ್ನು ಮುಂದೆ ಕೂರಿಸಿಕೊಂಡು ನೋಡಿದೆವು. ನಾ. ಡಿಸೋಜರ ಕಾದಂಬರಿ, ನಮ್ಮದೇ ಸೀಮೆಯ ಕತೆ, ಇನ್ನು ಅಮ್ಮಮ್ಮ ಕರಗಿ ಹೋಗುತ್ತಾಳೆ ಅಂದುಕೊಂಡೆವು. ಅವಳಿಗೆ ಸಿನಿಮಾ ಹಿಡಿಸಿತು. ಆದರೆ ಉದ್ದಕ್ಕೂ ಹೇಳುತ್ತಿದ್ದ ಮಾತು ಒಂದೇ: “ಆ ಕೂಸು ಮಳೇಲಿ ಅಷ್ಟು ನೆನೀತಲ, ಒಂದು ಕಂಬಳಿ ಕೊಪ್ಪೆಯಾದ್ರೂ ಹಾಕ್ಯಂಬ್ಲಾಗ್ದಾ?”

ಒಂದು ಬೇಸಿಗೆಯ ಕತೆ ಹೇಳಬೇಕು. ಬನ್ನಿ, ಅಂಗಳದ ಈ ತುದಿಗೆ. ಅಡಿಕೆ ಮರಗಳ ಸಂದಿಯಿಂದ ಕೆಳಗೆ ನೀರು ಕಾಣುತ್ತದೆ. ಈಗ ತುಂಬಿದೆ. ಪೂರ್ಣಮಟ್ಟ 1819 ಅಡಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೊದಲು ಮಾವ ಓದಿ ಹೇಳಬೇಕಾಗಿದ್ದದ್ದು ಇದರ ಲೆಕ್ಕ, ಆಮೇಲೆ ರಾಶಿ ಅಡಿಕೆಯ ರೇಟು. ನಾನು ಹೈಸ್ಕೂಲಿನಲ್ಲಿದ್ದಾಗ ಮಳೆ ಕೈಕೊಟ್ಟು, ಬೇಸಿಗೆಯಲ್ಲಿ ನೀರು ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಯಿತು. ಲಾಂಚಿಗೆ ವಾಹನ ಹತ್ತಿಸುವುದು ನಿಂತಿತು. ಅಂಥ ವರ್ಷ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನಮ್ಮವರಿಗೆ ಅಣೆಕಟ್ಟು ಬೇಕಿರಲಿಲ್ಲ, ಮನೆ ಬೇಕಿತ್ತು. ಸೋದರತ್ತೆಯರು, ಅಮ್ಮ, ಚಿಕ್ಕಮ್ಮ, ನಾವು ಹುಡುಗರು, ಎಲ್ಲರೂ ಅಮ್ಮಮ್ಮನ ಹಿಂದೆ ಇಳಿದೆವು.

ಕಾಲಡಿಯ ಕೆಸರು ಒಣಗಿ ಬಿರುಕು ಬಿಟ್ಟಿದೆ. ಬಿರುಕಿನಲ್ಲಿ ಬೆರಳಿಟ್ಟರೆ ಒಳಗೆ ಇನ್ನೂ ತಂಪು. ಎಲ್ಲೆಡೆ ಕಪ್ಪಗೆ ಮರದ ಬೊಡ್ಡೆಗಳು. ಬಿಸಿಲಿಗೆ ಮೀನಿನ ವಾಸನೆ, ಹಳೇ ಬಾವಿಯ ವಾಸನೆ. ಅಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗುತ್ತಿದ್ದಾಳೆ. ಗುರುತಿಗೆ ಏನೂ ಇಲ್ಲದ ಬಯಲಿನಲ್ಲಿ ಸಟ್ಟನೆ ಎಡಕ್ಕೆ ತಿರುಗುತ್ತಾಳೆ. ಅಲ್ಲೊಂದು ಕಾಲುದಾರಿ ಇದ್ದೀತೆಂದು ಅವಳ ಕಾಲಿಗಷ್ಟೇ ಗೊತ್ತು. ಕೊನೆಗೆ ನಿಂತಳು. ಚಿರೆಕಲ್ಲಿನ ನಾಲ್ಕು ಮೆಟ್ಟಿಲು, ಅರ್ಧ ಹೂತ ಒರಳು. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಆ ಮನೆಯಲ್ಲಿ ಹುಟ್ಟಿದವಳೂ ಅಲ್ಲ ಅವಳು. ಅಮ್ಮನ ಕಣ್ಣೂ ಒದ್ದೆ.

ಅಮ್ಮಮ್ಮ ಕುಕ್ಕರಗಾಲಿನಲ್ಲಿ ಕೂತು ಒಂದು ಹೆಂಟೆ ಮಣ್ಣು ಎತ್ತಿದಳು. ಅಂಗೈಯಲ್ಲಿ ಪುಡಿ ಮಾಡಿದಳು, ಮೂಸಿದಳು, ನಾಲಿಗೆ ತುದಿಗೂ ಮುಟ್ಟಿಸಿದಳೆಂದು ನನ್ನ ನೆನಪು. ಮಾವನ ಕಡೆ ತಿರುಗಿ, “ಗೋಡು ಚೊಲೋ ಇದ್ದು. ಹೆಡಿಗೆ ತಗಂಡು ಬಾ,” ಅಂದಳು.

ಮಾವ ನಿಜಕ್ಕೂ ಹೋಗಿ ಹೆಡಿಗೆ ತಂದ. ಮರುದಿನ ಎತ್ತಿನಗಾಡಿಯೇ ಬಂತು. ಮಳೆ ಬೀಳುವ ತನಕ ನಾವು ಹೊತ್ತದ್ದು ಅದೇ ಗೋಡು. ನೋಡಲು ಬಂದವರೆಲ್ಲ ತಲೆಯ ಮೇಲೆ ಹೆಡಿಗೆ ಹೊತ್ತೇ ವಾಪಸಾದರು, ಅತ್ತವರೂ ಸೇರಿ. ತೋಟದ ಕೆಳಗಿನ ಪಟ್ಟಿಯ ಮೊದಲ ಎರಡು ಸಾಲು ಮರಗಳ ಬುಡಕ್ಕೆ ಬಿದ್ದದ್ದು ಆ ಮಣ್ಣು.

ಈ ತೋಟ ಎದ್ದ ಬಗೆಯನ್ನು ಅಲ್ಲಲ್ಲಿ ಕೇಳಿ ಜೋಡಿಸಿಕೊಂಡಿದ್ದೇನೆ. ಗುಡ್ಡದ ಓರೆಯಲ್ಲಿ ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಆರೇಳು ವರ್ಷ. ಅಲ್ಲಿವರೆಗೆ ನೆರಳಿಗೆ ಬಾಳೆ, ಹೊಟ್ಟೆಗೆ ಬಾಳೆಕಾಯಿ, ಕೆಸುವು, ಕಳಲೆ. ಸುತ್ತ ಮುಗಿಯದಷ್ಟು ನೀರು. ಆದರೆ ಸಸಿಗೆ ನೀರು ಬೇಕಾದ ಬೇಸಿಗೆಯಲ್ಲಿ ಹಿನ್ನೀರು ಫರ್ಲಾಂಗುಗಟ್ಟಲೆ ಹಿಂದೆ ಸರಿದಿರುತ್ತದೆ. ಅಲ್ಲಿಂದ ಕೊಡದಲ್ಲಿ ತುಂಬಿ, ಸೊಂಟದಲ್ಲೊಂದು ತಲೆಯ ಮೇಲೊಂದು ಇಟ್ಟು, ಗುಡ್ಡ ಹತ್ತಿ ಒಂದೊಂದು ಬುಡಕ್ಕೂ ಎರೆದವಳು ಅವಳು. ಅಜ್ಜ ಬೇಲಿ, ಕಾಲುವೆ ಅಂತ ಬೇರೆ ಕೆಲಸದಲ್ಲಿ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಸಬೇಕು; ಅದಕ್ಕೆ ದುಡ್ಡಿಲ್ಲದ ವರ್ಷ ಅವಳ ಕಿವಿಯ ಬೆಂಡೋಲೆ ಸಾಗರದ ಪೇಟೆಗೆ ಹೋಯಿತು. ಅದು ತಿರುಗಿ ಬರಲಿಲ್ಲ. ಮುಳುಗಡೆ ಆಗಿದ್ದು ಒಂದು ಮಳೆಗಾಲದಲ್ಲಿ. ಇದೆಲ್ಲ ಆಗಿದ್ದು ಅರವತ್ತು ವರ್ಷದಲ್ಲಿ. ನಾವು, ಅವಳ ಮಕ್ಕಳು ಮೊಮ್ಮಕ್ಕಳೇ, ಕೇಳಿದ್ದು ಯಾವಾಗಲೂ ಆ ಒಂದು ಮಳೆಗಾಲದ ಕತೆಯನ್ನು.

ಒಳಗೆ ಅತ್ತೆ ಕರೆಯುತ್ತಿದ್ದಾಳೆ. ಅಡಿಗೆಮನೆಗೆ ಬನ್ನಿ. ದೊಡ್ಡ ಅಡಿಗೆಯೆಲ್ಲ ಹಿತ್ತಿಲಲ್ಲಿ; ಇಲ್ಲಿ ಎಡೆಗೆಂದು ಅವಳಿಗೆ ಇಷ್ಟವಾದದ್ದನ್ನಷ್ಟೇ ಮಾಡುವುದು. ಒಂದೆಲಗದ ತಂಬುಳಿ ಆಗಿದೆ, ಅಪ್ಪೆಮಿಡಿಯ ಜಾಡಿ ತೆರೆದಾಗಿದೆ. ಉಳಿದದ್ದು ತೊಡೆದೇವು.

ಒಲೆಯ ಮೇಲೆ ಮಣ್ಣಿನ ಗಡಿಗೆ ಬೋರಲು ಕೂತಿದೆ. ಅಕ್ಕಿ ನುಣ್ಣಗೆ ಬೀಸಿ, ಕಬ್ಬಿನ ಹಾಲಿನ ಕಾಲ ಇನ್ನೂ ಬಂದಿಲ್ಲವಾದ್ದರಿಂದ ಜೋನಿ ಬೆಲ್ಲ ಕಲಸಿದ ತೆಳ್ಳಗಿನ ಹಿಟ್ಟು. ಕೋಲಿನ ತುದಿಗೆ ಕಟ್ಟಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಎಳೆಯಬೇಕು. ಕೈ ತಡೆದರೆ ದಪ್ಪ, ಅವಸರ ಮಾಡಿದರೆ ತೂತು. ಸುಂಯ್ ಅಂತ ಸದ್ದಾಗಿ, ಬೆಲ್ಲ ಕಂದುವ ವಾಸನೆ ಬಂದು, ಅಂಚು ತಾನೇ ಮೇಲೇಳುತ್ತದೆ. ಆ ಗಳಿಗೆಯಲ್ಲೇ ಬಿಡಿಸಿ ಮಡಚಬೇಕು. ತಡವಾದರೆ ಗರಿಗರಿಯಾಗಿ ಒಡೆದುಹೋಗುತ್ತದೆ. ಅತ್ತೆಯ ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. “ಇದ್ದಿದ್ರೆ ಬೈತಿತ್ತು,” ಅನ್ನುತ್ತಾ ಅತ್ತೆ ಮೂಗೊರೆಸಿಕೊಂಡು ಮೂರನೆಯದು ಎಳೆದಳು. ಅದು ಬಂತು, ಆಚೆ ಬದಿಯ ಬೆಂಕಿ ಕಾಣುವಷ್ಟು ತೆಳ್ಳಗೆ.

ಮುಳುಗಿದ ಮನೆಯಿಂದ ಬಂದ ಗಡಿಗೆಯೊಂದಿತ್ತು, ಎಲ್ಲರೂ ಅದನ್ನು ದೇವರ ಹಾಗೆ ನೋಡುತ್ತಿದ್ದೆವು. ನಾನು ಚಿಕ್ಕವನಿದ್ದಾಗ ಅದು ಒಡೆಯಿತು. ಮನೆ ಮಂದಿಯೆಲ್ಲ ಉಸಿರು ಹಿಡಿದು ನಿಂತಿದ್ದರೆ ಅಮ್ಮಮ್ಮ ಚೂರು ಗುಡಿಸುತ್ತಾ, “ಗಡಿಗೆ ಒಡಿಯದೇ ಇದ್ರೆ ಕುಂಬಾರ ಎಂತ ಉಣ್ಣವು?” ಅಂದಿದ್ದಳು.

ಈಗ ಪಂಕ್ತಿಯಲ್ಲಿ ಕೂತುಬಿಡಿ. ಚಪ್ಪರದಡಿ ಮೂರು ಸಾಲು ಎಲೆ ಬಿದ್ದಿದೆ. ಬಲಗಡೆಯ ಸಾಲಿನ ತುದಿಯಲ್ಲಿ ಕೂತವನು ಕೊನೆಗೌಡ, ನಮ್ಮ ಮರಗಳ ತುದಿಯನ್ನು ನಮಗಿಂತ ಚೆನ್ನಾಗಿ ಬಲ್ಲವನು. “ಕೆಳಗೆ ಹಗ್ಗ ಹಿಡಿಯೋಕೆ ಅಮ್ಮ ಇದ್ರೆ ನಂಗೆ ಧೈರ್ಯ” ಅಂತ ಪಕ್ಕದವನಿಗೆ ಹೇಳುತ್ತಿದ್ದಾನೆ. ಅಮ್ಮಮ್ಮ ಅರವತ್ತು ದಾಟಿದ ಮೇಲೂ ಕೊನೆ ಇಳಿಸುವ ಹಗ್ಗ ಹಿಡಿದವಳು.

ಉಳಿದವರಲ್ಲಿ ಅರ್ಧದಷ್ಟು ಜನರನ್ನು ನಾನು ಕಂಡಿಲ್ಲ. ಅಮ್ಮನೂ ಕಂಡಿಲ್ಲ. ಮಾವ ಒಬ್ಬೊಬ್ಬರನ್ನೂ, “ತಮ್ಮ ಪರಿಚಯ ಆಗಲಿಲ್ಲ” ಎಂದು ವಿಚಾರಿಸುತ್ತಿದ್ದಾನೆ. ಉತ್ತರ ಒಂದೇ. “ಒಂದ್ಸಲ ಲಾಂಚ್ ತಪ್ಪಿತ್ತು.”

ಕಳಸವಳ್ಳಿ ದಡದಿಂದ ನಡೆದು ಬರುವಷ್ಟು ದೂರ ಈ ಮನೆ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದು ಹೊತ್ತಾದವರು, ಮಗುವಿಗೆ ಜ್ವರ ಅಂತ ಹೊರಟು ದಡದಲ್ಲೇ ಉಳಿದವರು, ವರ್ಗವಾಗಿ ಬಂದ ಮೇಷ್ಟ್ರು, ಹತ್ತಿ ಸೀರೆ ಮಾರುವವನು, ಗಾಳಿಗೆ ಲಾಂಚ್ ನಿಂತ ದಿನ ಇಡೀ ಮದುವೆ ದಿಬ್ಬಣ. ಬೆಳಕು ಕಂಡ ಕಡೆ ನಡೆದು ಬಂದರೆ ಈ ಜಗುಲಿ. ಅಮ್ಮಮ್ಮ ಯಾರು, ಯಾವ ಊರು, ಯಾವ ಜನ ಅಂತ ಕೇಳುವ ಮೊದಲೇ, “ಕೈಕಾಲು ತೊಳ್ಕಂಡು ಬನ್ನಿ” ಅನ್ನುತ್ತಿದ್ದಳು. ರಾತ್ರಿ ಒಂದು ಪಾವು ಅಕ್ಕಿ ಹೆಚ್ಚಿಗೆ ಬೇಯಿಸುವುದು ಈ ಮನೆಯ ರೂಢಿ. ಯಾರೂ ಬಾರದಿದ್ದರೆ ಬೆಳಿಗ್ಗೆ ಅದೇ ನಮಗೆ ಚಿತ್ರಾನ್ನ. ಅವಳದ್ದು ಬರೀ ಧರ್ಮವಾಗಿತ್ತು ಅಂತ ನಾನು ಹೇಳುವುದಿಲ್ಲ. ಕೊಯ್ಲಿನ ಕಾಲದಲ್ಲಿ ಲಾಂಚ್ ತಪ್ಪಿದವರ ಮುಂದೆ ಊಟವಾದ ಮೇಲೆ ಒಂದು ಮೆಟ್ಟುಗತ್ತಿಯೂ ಬಂದು ಕೂರುತ್ತಿತ್ತು. ಆ ಬಿಳಿ ಅಂಗಿಯ ಹಿರಿಯರನ್ನು ನೋಡಿ, ಬ್ಯಾಂಕಿನಲ್ಲಿದ್ದು ನಿವೃತ್ತರಂತೆ. ಪಾಯಸ ಬಡಿಸುತ್ತಿದ್ದ ನನ್ನ ಕೈ ತಡೆದು ಎಡಗೈಯ ತೋರುಬೆರಳು ತೋರಿಸಿದರು. ಹಳೆಯ ಗಾಯದ ಕಲೆ. “ನಿಮ್ಮ ಅಜ್ಜಿ ಸುಲಿಯೋದು ಕಲಿಸಿದ್ದು,” ಅಂದು ನಕ್ಕರು. ಆಮೇಲೆ ಎಲೆಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಊಟ ಮಾಡಲಿಲ್ಲ.

ಮೂರು ಗಂಟೆ ದಾಟಿತು. ಎಲೆ ಎತ್ತಾಯಿತು, ಅಡಿಗೆಯವರ ವ್ಯಾನು ಹೋಯಿತು. ಮಾವ ಅಡಿಕೆ ಹರವಲು ಅಟ್ಟ ಹತ್ತಿದ್ದಾನೆ. ಬೇಯಿಸಿಟ್ಟದ್ದು ಬೂಸಲು ಹಿಡಿಯುತ್ತದೆಂದು ಅವನಿಗೆ ಬೆಳಗಿನಿಂದಲೇ ಆತಂಕ. ಅಮ್ಮ, ಚಿಕ್ಕಮ್ಮ ನಡುಮನೆಯಲ್ಲಿ ಅವಳ ಟ್ರಂಕು ತೆರೆದಿದ್ದಾರೆ. ಒಂದು ಕಡೆ ಕೂತುಕೊಳ್ಳಿ, ನೋಡಬಹುದು.

ಎರಡು ಹತ್ತಿ ಸೀರೆ, ಮಡಿಕೆ ಮುರಿಯದ್ದು. ಅಜ್ಜನ ಕನ್ನಡಕ. ಸೌತೆ, ಹೀರೆ, ಅಲಸಂದೆ ಬೀಜದ ಗಂಟುಗಳು. ಅವನ್ನು ಅತ್ತೆ ಆಗಲೇ ಎತ್ತಿಕೊಂಡಳು. ಅಡಿಯಲ್ಲಿ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದದ ಕಟ್ಟು. ಬಿಚ್ಚಿದರೆ ಅರ್ಜಿಗಳು. ಕೆಲವು ಅಜ್ಜನ ಸಹಿಯವು, ಹಾಳೆ ಹಳದಿಯಾಗಿ ಮಡಿಕೆಯಲ್ಲಿ ಹರಿದಿವೆ. ಅಜ್ಜ ಹೋದ ಮೇಲಿನವು ಅಮ್ಮಮ್ಮನವು, ನಿಧಾನಕ್ಕೆ ಒತ್ತಿ ಬರೆದ ಸಹಿ. ಸ್ವೀಕೃತಿ ಚೀಟಿಗಳು, ಕಂದಾಯ ಕಟ್ಟಿದ ರಸೀತಿಗಳು, ಒಂದಷ್ಟು ಪಾಸ್‌ಪೋರ್ಟ್ ಅಳತೆಯ ಫೋಟೋಗಳು. ಬೆಳಿಗ್ಗೆ ಜಗುಲಿಯಲ್ಲಿ ಎಲ್ಲರೂ ಕೈ ಮುಗಿದ ಫೋಟೋ ಇದನ್ನೇ ದೊಡ್ಡದು ಮಾಡಿಸಿದ್ದು. ಒಬ್ಬಳೇ ಕೂತು ತೆಗೆಸಿಕೊಂಡ ಬೇರೆ ಫೋಟೋ ಅವಳದ್ದಿಲ್ಲ.

ಅರ್ಜಿಗಳಲ್ಲಿ ಕೇಳಿದ್ದು ಹಕ್ಕುಪತ್ರ. ಮುಳುಗಡೆಯವರಿಗೆ ಬಿಟ್ಟುಕೊಟ್ಟ ಜಾಗ ಎಷ್ಟೋ ಕಡೆ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬದಲಿಸಲು ದಿಲ್ಲಿಯ ಅನುಮತಿ ಬೇಕಾಯಿತು. ಕಚೇರಿಗೆ ಹೋದಾಗಲೆಲ್ಲ ಇನ್ನೊಂದು ದಾಖಲೆ ಕೇಳುತ್ತಿದ್ದರು, ಅವಳು ಇನ್ನೊಂದು ದಾಖಲೆ ತರುತ್ತಿದ್ದಳು. ಬೆಳಗಿನ ಲಾಂಚಿಗೆ ಹೊರಟು ಕೊನೆಯ ಲಾಂಚಿಗೆ ವಾಪಸು. ಇದರ ಬಗ್ಗೆ ಮಾತ್ರ ಅವಳಿಗೆ ಸಿಟ್ಟಿತ್ತು, ಅದನ್ನು ಕ್ಯಾಮೆರಾದವರು ಕೇಳಲಿಲ್ಲ.

ಮಾವ ಅಟ್ಟದಿಂದ ಇಳಿದು ಬಂದು, ಕೈಯ ಕರೆಯನ್ನು ಪಂಚೆಗೆ ಒರೆಸಿಕೊಂಡು ಕಟ್ಟನ್ನು ತೆಗೆದುಕೊಂಡ. ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಸೇರಿಸಿ ಅವನ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಕು; ಸೋಮವಾರ ಸಾಗರಕ್ಕೆ ಹೋಗುತ್ತಾನೆ. ಅವಳು ನೀರು ಹೊತ್ತು ಬೆಳೆಸಿದ ಎಂಟುನೂರು ಅಡಿಕೆ ಮರಗಳ ಈ ತೋಟ ದಾಖಲೆಯಲ್ಲಿ ಇವತ್ತಿಗೂ ಅರಣ್ಯ.